ಹಸಿದವರು ತೋಡಿದರು, ಡ್ಯೂಕ್‌ನ ಹೆಸರಿಟ್ಟರು

ಚೆನ್ನೈನಲ್ಲಿ ಮೈಲಾಪುರದ ಕಡೆ ಹೋಗುವ ಮೇಲ್ಸೇತುವೆ ರೈಲು ಹತ್ತಿದ್ದೀರಾ? ಕಿಟಕಿಯಿಂದ ಕೆಳಗೆ ಕಪ್ಪು ನೀರು ಕಾಣುತ್ತದೆ. ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತೇವೆ, ಚರಂಡಿ ಅಂದುಕೊಳ್ಳುತ್ತೇವೆ. ಅದು ಬಕಿಂಗ್‌ಹ್ಯಾಮ್ ಕಾಲುವೆ. ಒಂದು ಕಾಲಕ್ಕೆ ಕೃಷ್ಣಾ ನದಿ ಸೀಮೆಯ ಅಕ್ಕಿ ಇದರಲ್ಲೇ ಮದ್ರಾಸಿಗೆ ಬರುತ್ತಿತ್ತು.

ಆಗ ಮದ್ರಾಸಿಗೆ ಸರಿಯಾದ ಬಂದರೇ ಇರಲಿಲ್ಲ. ಹಡಗು ದೂರದಲ್ಲೇ ನಿಲ್ಲುತ್ತಿತ್ತು, ಸಣ್ಣ ದೋಣಿಗಳು ಅಲೆ ಸೀಳಿಕೊಂಡು ಸರಕು ತರುತ್ತಿದ್ದವು. ಸಮುದ್ರದ ಜೊತೆ ಗುದ್ದಾಡುವ ಬದಲು ಅದರ ಪಕ್ಕದಲ್ಲೇ ತಣ್ಣಗೆ ಹೋಗುವ ನೀರಿನ ದಾರಿ ಇದ್ದರೆ? 1806ರಲ್ಲಿ ಬೇಸಿಲ್ ಕಾಕ್ರೇನ್ ಎಂಬ ವ್ಯಾಪಾರಿ ಮದ್ರಾಸಿನಿಂದ ಉತ್ತರದ ಎನ್ನೂರಿನವರೆಗೆ ಸುಮಾರು 11 ಮೈಲಿ ತೋಡಿಸಿದ. ಆಮೇಲೆ ಸರ್ಕಾರ ಅದನ್ನು ತೆಗೆದುಕೊಂಡಿತು. ಉತ್ತರಕ್ಕೆ ಈಗಿನ ಆಂಧ್ರದ ಪೆದ್ದಗಂಜಾಂ, ದಕ್ಷಿಣಕ್ಕೆ ಪುದುಚೇರಿ ಹತ್ತಿರದ ಮರಕ್ಕಾಣಂ ತನಕ ಬೆಳೆಸಿತು. ಪೂರ್ತಿ ತೋಡಿದ್ದಲ್ಲ, ಪುಲಿಕಾಟ್‌ನಂಥ ಹಿನ್ನೀರುಗಳನ್ನು ಪೋಣಿಸಿಕೊಂಡು ಹೋದರು. ಚಪ್ಪಟೆ ತಳದ ದೋಣಿಗಳಲ್ಲಿ ಉಪ್ಪು, ಸೌದೆ, ಅಕ್ಕಿ. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಗಳ ಊರಿ ತಳ್ಳಬೇಕು, ಇಲ್ಲವೇ ದಡದಿಂದ ಹಗ್ಗ ಹಿಡಿದು ಎಳೆಯಬೇಕು.

ಹೆಸರಿನ ಕಥೆ ಬೇರೆ. ನಮ್ಮ ಹಳ್ಳಿಗಳ ಹಿರಿಯರು ಹೇಳುವ ಧಾತು ಈಶ್ವರದ ಬರ ಗೊತ್ತಲ್ವಾ? 1876ರಿಂದ 78. ಮೈಸೂರು ಸೀಮೆ, ಬಳ್ಳಾರಿ, ಮದ್ರಾಸು ಎಲ್ಲ ಕಡೆ ಜನ ಸತ್ತರು. 1877ರ ಆರಂಭದಲ್ಲಿ ಬರದ ಕಾಮಗಾರಿಗೆ ಬ್ರಿಟಿಷ್ ಸರ್ಕಾರ ಕಳಿಸಿದ್ದ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದ ಕೂಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸು. ಒಂದು ಪೌಂಡ್ ಅಂದರೆ ಅರ್ಧ ಕೇಜಿಯೂ ಇಲ್ಲ. ಮಣ್ಣು ಹೊರುವ ಆಳಿಗೆ! ಇದು ಸಾಲದು ಎಂದು ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಶ್ ಜಗಳಕ್ಕೇ ನಿಂತರು. ಆ ಬರದಲ್ಲೇ ಮದ್ರಾಸಿನೊಳಗಿನ ಕೂವಂ ಮತ್ತು ಅಡ್ಯಾರ್ ನದಿಗಳ ನಡುವೆ ಈ ಕಾಲುವೆಯ ಸುಮಾರು 8 ಕಿಲೋಮೀಟರ್ ತೋಡಿಸಿದ್ದು. ಹೆಸರು ಮಾತ್ರ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್‌ನದು.

ರೈಲು, ಲಾರಿ ಬಂದವು, ದೋಣಿ ಕಡಿಮೆಯಾದವು. ಅದು ಸಹಜ, ಅದಕ್ಕೆ ಅಳುವುದಿಲ್ಲ. ನನ್ನ ಸಿಟ್ಟು ಆಮೇಲಿನದರ ಮೇಲೆ. ನಗರದೊಳಗೆ ರೈಲಿಗೆ ಜಾಗ ಬೇಕಾದಾಗ ಕಂಬಗಳನ್ನು ತಂದು ಈ ನೀರಿನಲ್ಲೇ ನೆಟ್ಟರು. ಖಾಲಿ ಸೈಟು ಅಂದುಕೊಂಡರೇನೋ! 2004ರ ಸುನಾಮಿಯಲ್ಲಿ ಹಲವು ಕಡೆ ನುಗ್ಗಿದ ನೀರನ್ನು ಇದೇ ಕಾಲುವೆ ಹೀರಿಕೊಂಡು ವಾಪಸ್ಸು ಸಮುದ್ರಕ್ಕೆ ಬಿಟ್ಟಿತ್ತು. 2008ರಲ್ಲಿ ಈ ಕಾಲುವೆಯೂ ಸೇರಿದ ದಾರಿಗೆ ರಾಷ್ಟ್ರೀಯ ಜಲಮಾರ್ಗ 4 ಎಂಬ ಬೋರ್ಡೂ ಬಂತು.

ಸರಕಿನ ದೋಣಿ ವಾಪಸ್ಸು ಬರುತ್ತದೆ ಅಂತ ನಾನು ಸುಮ್ನೆ ಆಸೆ ತೋರಿಸುವುದಿಲ್ಲ. ಕೊಳಚೆ ಬಿಡುವುದು ನಿಲ್ಲಿಸಿ, ಹೂಳು ತೆಗೆಯಿರಿ, ಅಗಲ ಇನ್ನಷ್ಟು ಕಡಿಮೆ ಮಾಡಬೇಡಿ. ಚೆನ್ನೈ 2015ರ ಡಿಸೆಂಬರಿನಲ್ಲಿ ಮುಳುಗಿದ್ದು ನೋಡಿದ್ದೀರಲ್ಲ, ಆ ಊರಿಗೆ ಮಳೆನೀರು ಹೋಗಲು ಇರುವ ದಾರಿಗಳಲ್ಲಿ ಇದೂ ಒಂದು.