ಒಡ್ಡಿನ ಬುಡದಲ್ಲಿ ಜಿನುಗುವ ನೀರು

ಶ್ರೋತೃಗಳಿಗೆ ನಮಸ್ಕಾರ. ಕೆರೆಯ ಒಡ್ಡು ಸೋರುತ್ತಿದೆ ಎಂದು ಗಾಬರಿಯಿಂದ ಬರುವ ಊರವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಸೋರುವ ನೀರಿನ ಬಣ್ಣ ಯಾವುದು? ಮಣ್ಣಿನ ಒಡ್ಡು ಎಂದ ಮೇಲೆ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ತಿಳಿನೀರು ಬಂದರೆ ಹೋಗುತ್ತಿರುವುದು ನೀರು ಮಾತ್ರ. ಕದಡಿದ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿ ಒಡ್ಡೇ ಹೋಗುತ್ತಿದೆ.

ಇಂಡಿ ತಾಲ್ಲೂಕಿನ ಒಂದು ಊರಿನಲ್ಲಿ ಕುಡಿಯುವ ನೀರಿನ ಬಾವಿ ಕೆರೆಯ ಕೆಳಗೇ ಇದೆ. ಒಂದು ಸೆಪ್ಟೆಂಬರಿನಲ್ಲಿ ಕೆರೆ ತುಂಬಿದಾಗ, ಒಡ್ಡಿನ ಬುಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಅಲ್ಲಿ ಉಕ್ಕುತ್ತಿದ್ದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟಿದ್ದರು. ನಾನು ಅದನ್ನು ಸಂಜೆಯ ಬಿಸಿಲಿಗೆ ಎತ್ತಿ ಹಿಡಿದು ನೋಡಿದರೆ, ತಳದಲ್ಲಿ ಬೆರಳು ದಪ್ಪದ ಮಣ್ಣು ಕೂತಿತ್ತು. ಅಷ್ಟರಲ್ಲಿ ಊರಿನ ಹುಡುಗರು ಎರೆಮಣ್ಣಿನ ಚೀಲಗಳನ್ನು ಆ ರಂಧ್ರಕ್ಕೆ ತುರುಕಲು ಆರಂಭಿಸಿದ್ದರು. ತೆಗೆಯಿರಿ ಎಂದಾಗ ಅವರಿಗೆ ಸಿಟ್ಟೇ ಬಂತು: "ನೀರು ನಿಲ್ಲಸ್ರಿ ಅಂದ್ರ ಬಿಡ್ರಿ ಅಂತೀರಲ್ರಿ ಸಾಹೇಬ್ರ!" ಹೊರಗಿನಿಂದ ಬಾಯಿ ಮುಚ್ಚಿದರೆ ಒಳಗೆ ಒತ್ತಡ ಏರಿ, ನೀರು ಪಕ್ಕದಲ್ಲಿ ಹೊಸ ದಾರಿ ಮಾಡಿಕೊಳ್ಳುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು. ತೂಬು ತೆರೆದು ಕೆರೆಯ ಮಟ್ಟ ಇಳಿಸುತ್ತ, ಆ ರಂಧ್ರದ ಮೇಲೆ ಮೊದಲು ಉಸುಕು, ಅದರ ಮೇಲೆ ಸಣ್ಣ ಖಡಿ, ಕೊನೆಗೆ ದೊಡ್ಡ ಕಲ್ಲು ಹೇರಿದೆವು. ರಾತ್ರಿಯೆಲ್ಲ ಕಂದೀಲು ಹಿಡಿದು ನಿಂತಿದ್ದ ಅಜ್ಜಿ ನಸುಕಿನಲ್ಲಿ ಮತ್ತೆ ಬಾಟಲಿ ತುಂಬಿಸಿ ತಂದರು. ಅದರಲ್ಲಿ ಆಚೆಗಿನ ಅವರ ಬೆರಳು ಕಾಣುತ್ತಿತ್ತು.

ಆದ್ದರಿಂದ ದಯವಿಟ್ಟು ನೀರಿನ ಬಣ್ಣ ನೋಡಿ. ನಾಳೆ ನೋಡಿದರಾಯಿತು ಎನ್ನಬೇಡಿ. ಅಮೆರಿಕದ ಐಡಾಹೊ ರಾಜ್ಯದ ಟೀಟನ್ ಎಂಬ ಮಣ್ಣಿನ ಅಣೆಕಟ್ಟು 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿದ್ದಾಗಲೇ ಒಡೆಯಿತು. ಬೆಳಿಗ್ಗೆ ಕೆಸರುನೀರು ಕಂಡಿತು, ಮಧ್ಯಾಹ್ನ 12 ಗಂಟೆಯೊಳಗೆ ಒಡ್ಡು ಕುಸಿಯಿತು, 11 ಜನ ತೀರಿಕೊಂಡರು.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಒಡ್ಡಿನ ಮೇಲೆ ಬಳ್ಳಾರಿ ಜಾಲಿ ಬೆಳೆಯಗೊಡಬೇಡಿ, ಏಕೆಂದರೆ ಸತ್ತ ಬೇರಿನ ಜಾಗವೇ ನೀರಿಗೆ ಕೊಳವೆಯಾಗುತ್ತದೆ. ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಗೆ ಉಸುಕಿನ ಚೀಲ ಇಡುವುದನ್ನು ಇನ್ನಾದರೂ ಬಿಡಿ. ನೀರು ಒಡ್ಡಿನ ತಲೆ ಹತ್ತಿದರೆ ಮಣ್ಣು ತಡೆಯುವುದಿಲ್ಲ. ಕೆರೆ ತುಂಬಿರುವಷ್ಟು ದಿನ ಬೆಳಿಗ್ಗೆ ಒಬ್ಬರು ಗಾಜಿನ ಬಾಟಲಿ ಹಿಡಿದು ಒಡ್ಡಿನ ಬುಡದುದ್ದಕ್ಕೂ ನಡೆಯಲಿ. ತೂಬಿನ ಕೊಳವೆ ಹೊರಬರುವ ಜಾಗದಿಂದ ಆರಂಭಿಸಲಿ, ಕೊಳವೆಯ ಮೈಗುಂಟ ಮಣ್ಣು ಸಡಿಲವಾಗುವುದು ಹೆಚ್ಚು. ನಮಸ್ಕಾರ.