ಚುಕ್ಕೆ ನಿಂತಿದೆ: ಬಸ್ಸು ನಿಂತಿದೆಯಾ, ಸುದ್ದಿ ನಿಂತಿದೆಯಾ?

[ತೆರೆಯ ಮೇಲೆ: ನಕ್ಷೆ. ರಸ್ತೆಯ ತಿರುವಿನಲ್ಲಿ ಒಂದು ಹಳದಿ ಚುಕ್ಕೆ. ಅಲುಗಾಡುತ್ತಿಲ್ಲ.]

ಈ ಚುಕ್ಕೆ ನೋಡಿ. ಮಕ್ಕಳನ್ನು ಮನೆಗೆ ಕರ್ಕೊಂಡು ಬರ್ತಿರೋ ಸ್ಕೂಲ್ ಬಸ್ ಇದು. ಮೂರು ನಿಮಿಷದಿಂದ ಇದೇ ತಿರುವಿನಲ್ಲಿದೆ. ಮೊಬೈಲ್ ಹಿಡಿದು ಕೂತಿರೋ ಅಮ್ಮನಿಗೆ ಗೊತ್ತಾಗಬೇಕಾದದ್ದು ಒಂದೇ: ಬಸ್ಸು ನಿಂತಿದೆಯಾ, ಬಸ್ಸಿನ ಸುದ್ದಿ ನಿಂತಿದೆಯಾ?

ಎರಡಕ್ಕೂ ಅಜಗಜಾಂತರ. ಬಸ್ಸೇ ನಿಂತಿದ್ರೆ ಇನ್ನೂ ಸ್ವಲ್ಪ ಹೊತ್ತು ಮನೆಯಲ್ಲೇ ಇರಬಹುದು. ಸುದ್ದಿ ನಿಂತಿದ್ರೆ, ಬಸ್ಸು ಇಷ್ಟೊತ್ತಿಗೆ ಸ್ಟಾಪಿಗೆ ಬಂದು, ಆರು ವರ್ಷದ ಮಗು ಒಂಟಿಯಾಗಿ ರಸ್ತೆ ಬದಿ ನಿಂತಿರಬಹುದು. ತೆರೆ ಮೇಲೆ ಮಾತ್ರ ಎರಡೂ ಒಂದೇ ಥರ ಕಾಣ್ತವೆ. ಪೋಷಕರ ಆ್ಯಪ್ ವಿನ್ಯಾಸದಲ್ಲಿ ನಾವು ಮೊದಲು ಬಿಡಿಸಬೇಕಾದ ಗಂಟು ಇದೇ.

[ತೆರೆಯ ಮೇಲೆ: ಉಪಗ್ರಹ – ಬಸ್ಸಿನ ಸಾಧನ – ಸರ್ವರ್ – ಮೊಬೈಲ್]

ಮೂಲ ಪಾಠ ಬೇಗ ಮುಗಿಸಿಬಿಡೋಣ. ಬಸ್ಸಿನಲ್ಲಿರೋ ಸಾಧನ ಜಿಪಿಎಸ್‌ನಿಂದ ತನ್ನ ಜಾಗ ತಿಳ್ಕೊಳ್ಳುತ್ತೆ, ಸಿಮ್ ಮೂಲಕ ಸರ್ವರ್‌ಗೆ ಕಳಿಸುತ್ತೆ, ಸರ್ವರ್ ನಿಮ್ಮ ಆ್ಯಪ್‌ಗೆ ದಾಟಿಸುತ್ತೆ. ಸಾಧನದ ಬದಲು ಡ್ರೈವರ್ ಮೊಬೈಲ್ ಸಾಕಲ್ವಾ ಅಂದ್ರೆ, ನಡೆಯುತ್ತೆ, ಆದ್ರೆ ನಾನು ಬೇಡ ಅಂತೀನಿ. ಆಂಡ್ರಾಯ್ಡ್ 8ರಿಂದ ಈಚೆಗೆ, ಹಿನ್ನೆಲೆಗೆ ಸರಿದ ಆ್ಯಪ್‌ಗೆ ಗಂಟೆಗೆ ಕೆಲವೇ ಸಲ ಸ್ಥಳ ಸಿಗೋದು. ಫೋರ್‌ಗ್ರೌಂಡ್ ಸರ್ವಿಸ್ (ನೋಟಿಫಿಕೇಶನ್ ತೋರಿಸ್ತಾ ಓಡ್ತಲೇ ಇರೋ ಸೇವೆ) ಹಾಕಿದ್ರೂ ಕೆಲವು ಫೋನ್‌ಗಳ ಬ್ಯಾಟರಿ ಉಳಿತಾಯ ಅದನ್ನು ಮುಲಾಜಿಲ್ಲದೆ ಮುಚ್ಚುತ್ತೆ. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಫೋನ್ ಕಾದು ಆಫ್ ಆಗೋದು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸು ಓಡಿಸೋರ ಕೈಗೆ ತೆರೆ ಕೊಡಬಾರದು. ಬಸ್ಸಿನ 12 ಅಥವಾ 24 ವೋಲ್ಟ್ ಬ್ಯಾಟರಿಗೆ ಕೂಡಿಸಿದ ಸಾಧನ ಇರಲಿ, ಅದಕ್ಕೆ ಇಗ್ನಿಷನ್ ವೈರ್, ಅಂದ್ರೆ ಇಂಜಿನ್ ಆನ್ ಇದೆಯಾ ಆಫ್ ಇದೆಯಾ ಅಂತ ತಿಳಿಸೋ ವೈರ್, ತಪ್ಪದೆ ಕೊಡಿ. ಆ ಒಂದು ವೈರ್ ಯಾಕೆ ಅನ್ನೋದು ಈಗಲೇ ಗೊತ್ತಾಗುತ್ತೆ.

[ತೆರೆಯ ಮೇಲೆ: ಹಳೆಯ ಅಂಚೆ ಕಾಗದ. ಮೇಲ್ತುದಿಯಲ್ಲಿ ತಾರೀಖು.]

ಈಗ ಮುಖ್ಯ ವಿಷಯ. ಹಿಂದಿನವರು ಕಾಗದ ಬರೆಯುವಾಗ 'ಉಭಯ ಕುಶಲೋಪರಿ ಸಾಂಪ್ರತ' ಅಂತ ಶುರು ಮಾಡ್ತಿದ್ರು. ಸಾಂಪ್ರತ ಅಂದ್ರೆ ಈಗ, ಸದ್ಯಕ್ಕೆ. ಆದ್ರೆ ಆ 'ಈಗ' ಬರೆದವರ ಈಗ. ಓದೋರ ಕೈಗೆ ಬರುವಷ್ಟರಲ್ಲಿ ಎಂಟು ದಿನ ಆಗಿರುತ್ತೆ. ಅದಕ್ಕೇ ಓದೋರು ಮೊದಲು ಮೇಲಿನ ತಾರೀಖು ನೋಡ್ತಿದ್ರು. ಬಸ್ಸು ಕಳಿಸೋ ಒಂದೊಂದು ಸ್ಥಳವೂ ಇಂಥದೇ ಕಾಗದ, ಮತ್ತೆ ಎಷ್ಟೋ ಆ್ಯಪ್‌ಗಳು ಕಾಗದ ತೋರಿಸಿ ತಾರೀಖು ಮುಚ್ಚಿಡ್ತವೆ.

ಹಾಗಾಗಿ ಪ್ರತಿ ಸಂದೇಶಕ್ಕೂ ಎರಡು ಸಮಯ ಬರೆದಿಡಿ: ಸಾಧನ ಸ್ಥಳ ಗುರುತಿಸಿದ ಸಮಯ, ಸರ್ವರ್‌ಗೆ ತಲುಪಿದ ಸಮಯ. ಸುದ್ದಿಗೆ ಎಷ್ಟು ವಯಸ್ಸಾಗಿದೆ ಅನ್ನೋದನ್ನು ಸರ್ವರ್ ಗಡಿಯಾರದಿಂದಲೇ ಲೆಕ್ಕ ಹಾಕಿ. ಪೋಷಕರ ಫೋನಿನ ಗಡಿಯಾರ ಎರಡು ನಿಮಿಷ ಹಿಂದಿದ್ರೆ, ಹಳಸಿದ ಸುದ್ದಿಯೂ ಬಿಸಿಬಿಸಿಯಾಗಿ ಕಾಣುತ್ತೆ. ಸಾಧನ ಹೇಳೋ ಸಮಯವನ್ನೂ ಕಣ್ಮುಚ್ಚಿ ನಂಬಬೇಡಿ. ಹಳೆಯ ಜಿಪಿಎಸ್ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಗೆ ಬರುತ್ತೆ. 2019ರ ಏಪ್ರಿಲ್‌ನಲ್ಲಿ ಹಾಗಾಯ್ತು. ಆ ಸುತ್ತನ್ನು ಸರಿಯಾಗಿ ಲೆಕ್ಕ ಹಾಕದ ಒಳತಂತ್ರಾಂಶ, ಅಂದ್ರೆ ಫರ್ಮ್‌ವೇರ್ ಇರೋ ಸಾಧನ ಸುಮಾರು 19 ವರ್ಷ 7 ತಿಂಗಳು ಹಿಂದಿನ ತಾರೀಖು ಕಳಿಸುತ್ತೆ. ಅಂಥದ್ದನ್ನು ಸರ್ವರ್ ಬಾಗಿಲಲ್ಲೇ ತಡೀಬೇಕು.

[ತೆರೆಯ ಮೇಲೆ: ಮೂರು ಚುಕ್ಕೆ. ತುಂಬಿದ್ದು, ಟೊಳ್ಳಾದದ್ದು, ಪ್ರಶ್ನಾರ್ಥಕ ಇರೋದು.]

ಎಷ್ಟು ಹಳತಾದ್ರೆ ಹಳತು? ಗಂಟೆಗೆ 36 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ 10 ಮೀಟರ್. 10 ಸೆಕೆಂಡಿಗೊಮ್ಮೆ ಸುದ್ದಿ ಬಂದ್ರೆ ಬಸ್ಸು ಹೆಚ್ಚೆಂದ್ರೆ 100 ಮೀಟರ್ ಮುಂದಿರುತ್ತೆ, ಚಿಂತೆಯಿಲ್ಲ. ಎರಡು ನಿಮಿಷ ಸುದ್ದಿ ಇಲ್ಲಾಂದ್ರೆ 1,200 ಮೀಟರ್, ಅಂದ್ರೆ ಎರಡು ಮೂರು ಸ್ಟಾಪ್ ದಾಟಿರಬಹುದು. ಅದಕ್ಕೇ ನನ್ನ ಲೆಕ್ಕ ಹೀಗಿದೆ: 30 ಸೆಕೆಂಡಿನ ಒಳಗಿದ್ರೆ ತುಂಬಿದ ಚುಕ್ಕೆ. 30 ಸೆಕೆಂಡಿನಿಂದ 2 ನಿಮಿಷದವರೆಗೆ ಟೊಳ್ಳು ಚುಕ್ಕೆ, ಪಕ್ಕದಲ್ಲಿ 'ಒಂದು ನಿಮಿಷದ ಹಿಂದೆ ಇಲ್ಲಿತ್ತು' ಅನ್ನೋ ಬರಹ. 2 ನಿಮಿಷ ದಾಟಿದ್ರೆ ಚುಕ್ಕೆ ತೆಗೆದು, 'ಬಸ್ಸಿನಿಂದ ಸುದ್ದಿ ಬರ್ತಿಲ್ಲ, ಕೊನೆಗೆ ಕಂಡದ್ದು 4.12ಕ್ಕೆ' ಅಂತ ನೇರವಾಗಿ ಹೇಳಿ. ಬಣ್ಣ ಬದಲಾಯಿಸಿ ಬಿಟ್ರೆ ಸಾಲದು, ಕೆಂಪು ಹಸಿರು ಬೇರೆ ಮಾಡೋಕಾಗದವರೂ ನೋಡ್ತಿರ್ತಾರೆ. ಆಕಾರ ಬದಲಾಗಬೇಕು, ಮಾತೂ ಇರಬೇಕು.

ಇನ್ನು ಇಗ್ನಿಷನ್ ವೈರ್. ಬ್ಯಾಟರಿ ಉಳಿಸೋಕೆ ಬಹಳಷ್ಟು ಸಾಧನಗಳು ಇಂಜಿನ್ ಆಫ್ ಆದ ಕೂಡಲೇ ಮಲಗ್ತವೆ. ಆಗ ಶಾಂತವಾಗಿ ನಿಂತ ಬಸ್ಸಿಗೂ ಸಂಪರ್ಕ ಕಡಿದುಹೋದ ಬಸ್ಸಿಗೂ ಸರ್ವರ್ ಕಡೆಯಿಂದ ಏನೂ ವ್ಯತ್ಯಾಸ ಕಾಣಲ್ಲ. ಮಲಗೋ ಮೊದಲು 'ಇಂಜಿನ್ ಆಫ್' ಅಂತ ಒಂದು ಸಂದೇಶ, ಟ್ರಿಪ್ ನಡೀತಿರುವಾಗ ನಿಂತಲ್ಲೇ ಇದ್ರೂ 30 ಸೆಕೆಂಡಿಗೊಂದು 'ಇದ್ದೀನಿ' ಅನ್ನೋ ಸಂದೇಶ. ಇವೆರಡನ್ನು ಸೆಟ್ ಮಾಡಿದ್ರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಂತೆ: 'ಇದ್ದೀನಿ' ಬರ್ತಿದ್ರೆ ಬಸ್ಸು ನಿಂತಿದೆ, ಬರದಿದ್ರೆ ಸುದ್ದಿ ನಿಂತಿದೆ. ಸಾಧನಗಳು ಸಂದೇಶ ಕಳಿಸೋಕೆ ಬಳಸೋ ಎಂಕ್ಯೂಟಿಟಿ ಅನ್ನೋ ಪದ್ಧತಿ ನಿಮ್ಮಲ್ಲಿದ್ರೆ, ಅದರಲ್ಲಿ 'ಲಾಸ್ಟ್ ವಿಲ್' ಅನ್ನೋ ಸೌಲಭ್ಯ ಇದೆ. ಸಾಧನ ಸಂಪರ್ಕಕ್ಕೆ ಬಂದಾಗಲೇ ತನ್ನ ಕೊನೆಯ ಮಾತು ಬರೆದಿಟ್ಟಿರುತ್ತೆ. ಹೇಳದೆ ಕೇಳದೆ ಕಡಿದುಹೋದ್ರೆ ಬ್ರೋಕರ್, ಅಂದ್ರೆ ಸಂದೇಶ ಹಂಚೋ ಸರ್ವರ್, ಅದನ್ನು ಕೇಳ್ತಿರೋರಿಗೆಲ್ಲ ಕಳಿಸುತ್ತೆ. ಕೀಪ್ ಅಲೈವ್, ಅಂದ್ರೆ ಸಾಧನ ಎಷ್ಟು ಹೊತ್ತು ಸುಮ್ಮನಿರಬಹುದು ಅನ್ನೋ ಮಿತಿ, 60 ಸೆಕೆಂಡ್ ಇಟ್ಟಿದ್ರೆ ಬ್ರೋಕರ್ ಅದರ ಒಂದೂವರೆಪಟ್ಟು, ಅಂದ್ರೆ 90 ಸೆಕೆಂಡ್ ಕಾಯುತ್ತೆ. ನಮಗೆ ಅದು ತಡವಾಯ್ತು. 20 ಸೆಕೆಂಡ್ ಇಡಿ, ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ನೆಟ್‌ವರ್ಕ್ ವಾಪಸ್ ಬಂದಾಗಲೂ ಒಂದು ಎಡವಟ್ಟಿದೆ. ಸಾಧನ ಕೂಡಿಟ್ಟಿದ್ದ 30–40 ಸ್ಥಳಗಳನ್ನು ಒಟ್ಟಿಗೆ ಸುರಿಯುತ್ತೆ. ಬಂದ ಬಂದಹಾಗೆ ತೋರಿಸಿದ್ರೆ ಚುಕ್ಕೆ ಊರೆಲ್ಲ ಓಡುತ್ತೆ, ಐದಾರು ನಿಮಿಷ ಹಿಂದಿನ ಸ್ಟಾಪಿಗೆ 'ಬಸ್ ಬಂತು' ಅಂತ ಸಂದೇಶ ಹೋಗುತ್ತೆ. ಹಳೆಯವು ದಾಖಲೆಗೆ ಹೋಗಲಿ. ಹೊಸದೊಂದು ಮಾತ್ರ ತೆರೆಗೆ.

[ತೆರೆಯ ಮೇಲೆ: '6ರಿಂದ 9 ನಿಮಿಷ']

ಬಸ್ಸು ಎಷ್ಟೊತ್ತಿಗೆ ಬರುತ್ತೆ? ಇಲ್ಲಿ ತಪ್ಪಿನ ಎರಡು ಬದಿಗೂ ಒಂದೇ ತೂಕ ಇಲ್ಲ. ಹೇಳಿದ್ದಕ್ಕಿಂತ ಮೂರು ನಿಮಿಷ ತಡವಾದ್ರೆ ಸ್ವಲ್ಪ ಕಾಲು ನೋವು. ಮೂರು ನಿಮಿಷ ಮುಂಚೆ ಬಂದುಬಿಟ್ರೆ ಬಸ್ಸೇ ತಪ್ಪಿತು. ಅದಕ್ಕೇ ಒಂದೇ ಅಂಕಿ ಕೊಡಬೇಡಿ. ಒಂದು ಸ್ಟಾಪಿನಿಂದ ಮುಂದಿನ ಸ್ಟಾಪಿಗೆ ಅದೇ ಹೊತ್ತಿನ ಹಿಂದಿನ 20 ಟ್ರಿಪ್‌ಗಳಲ್ಲಿ ಎಷ್ಟೆಷ್ಟು ಸಮಯ ಹಿಡಿಯಿತು ಅಂತ ಜೋಡಿಸಿ, ಅತಿ ಬೇಗದ ಎರಡನ್ನೂ ಅತಿ ತಡದ ಎರಡನ್ನೂ ಬಿಟ್ಟು, ಉಳಿದದ್ದರ ಎರಡು ತುದಿ ತೋರಿಸಿ. ಮೊದಲ ಅಂಕಿಯನ್ನು ಯಾವಾಗಲೂ ಕೆಳಕ್ಕೇ ಇಳಿಸಿ. ಮನೆಯಿಂದ ಹೊರಡಬೇಕಾದದ್ದು ಆ ಅಂಕಿ ನೋಡಿ.

ನಕ್ಷೆಯಲ್ಲಿ ಸ್ಟಾಪಿನ ಸುತ್ತ ವೃತ್ತ ಹಾಕಿ, ಬಸ್ಸು ಅದರೊಳಗೆ ಬಂದ ಕೂಡಲೇ 'ಬಸ್ ಬಂತು' ಅನ್ನೋರು ಇನ್ನೊಂದು ನೋಡ್ಕೊಳ್ಳಿ. ಬಸ್ಸು ರಸ್ತೆಯ ಆಚೆ ಬದಿಯಲ್ಲಿ ಹೋಗಿ, ಹತ್ತು ನಿಮಿಷ ಬಿಟ್ಟು ಈಚೆ ಬದಿಗೆ ಬರೋ ಮಾರ್ಗಗಳಿರ್ತವೆ. ಬಯಲಿನಲ್ಲೇ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತೆ, ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಇನ್ನೂ ಹೆಚ್ಚು. ರಸ್ತೆಯ ಯಾವ ಬದಿ ಅನ್ನೋದು ಅದಕ್ಕೆ ತಿಳಿಯಲ್ಲ. ಹಿಂದಿನ ಸ್ಟಾಪ್ ಮುಗೀತಾ, ಬಸ್ಸು ಮುಖ ಮಾಡಿರೋ ದಿಕ್ಕು ಸರಿಯಿದೆಯಾ, ಎರಡೂ ನೋಡಿ ಆಮೇಲೆ ಸಂದೇಶ ಕಳಿಸಿ.

ಆ ಸಂದೇಶಕ್ಕೂ ಆಯಸ್ಸು ಬರೆಯಿರಿ. ಗೂಗಲ್‌ನ ಫೈರ್‌ಬೇಸ್ ಸೇವೆಯ ಮೂಲಕ ಹೋಗೋ ನೋಟಿಫಿಕೇಶನ್‌ಗೆ ನೀವು ಏನೂ ಹೇಳದಿದ್ರೆ ಆಯಸ್ಸು ಎಷ್ಟು ಗೊತ್ತಾ? 4 ವಾರ! ಮಧ್ಯಾಹ್ನ ಫೋನ್ ಆಫ್ ಆಗಿದ್ದವರಿಗೆ ರಾತ್ರಿ ಆನ್ ಮಾಡಿದಾಗ 'ಬಸ್ 5 ನಿಮಿಷದಲ್ಲಿ ಬರುತ್ತೆ' ಅಂತ ಬರುತ್ತೆ, ಮಗು ಪಕ್ಕದಲ್ಲೇ ಮಲಗಿರುವಾಗ ಎದೆ ಧಸಕ್ ಅನ್ನುತ್ತೆ. 300 ಸೆಕೆಂಡ್ ಇಡಿ, ಅಷ್ಟರಲ್ಲಿ ತಲುಪದಿದ್ರೆ ಅದು ಸಾಯಲಿ.

ಸಮಯ ಮುಗೀತಾ ಬಂತು, ಉಳಿದದ್ದು ಒಟ್ಟಿಗೆ ಹೇಳ್ತೀನಿ. ಮಗುವನ್ನು ಬಸ್ ನಂಬರಿಗೆ ಕಟ್ಟಬೇಡಿ, ಟ್ರಿಪ್‌ಗೆ ಕಟ್ಟಿ. ಬಸ್ಸು ಕೆಟ್ಟು ಬೇರೆ ಬಸ್ ಬಂದ ದಿನ ಟ್ರಿಪ್‌ಗೆ ವಾಹನ ಬದಲಾಯಿಸಿದ್ರೆ ಆಯ್ತು, ಪೋಷಕರು ಏನೂ ಮಾಡಬೇಕಿಲ್ಲ. 60 ಬಸ್ 10 ಸೆಕೆಂಡಿಗೊಮ್ಮೆ ಕಳಿಸಿದ್ರೆ ಸರ್ವರ್‌ಗೆ ಸೆಕೆಂಡಿಗೆ 6 ಸಂದೇಶ ಅಷ್ಟೇ. ಆದ್ರೆ 3,000 ಪೋಷಕರ ಆ್ಯಪ್ 5 ಸೆಕೆಂಡಿಗೊಮ್ಮೆ ಕೇಳಿದ್ರೆ ಸೆಕೆಂಡಿಗೆ 600 ಕೋರಿಕೆ, ಅದೂ ಎಲ್ಲರೂ ಒಂದೇ ಅರ್ಧ ಗಂಟೆಯಲ್ಲಿ. ವೆಬ್‌ಸಾಕೆಟ್ (ಸರ್ವರ್ ಮತ್ತು ಆ್ಯಪ್ ನಡುವೆ ಕಡಿಯದೆ ಇರೋ ಸಂಪರ್ಕ) ತೆರೆದಿಟ್ಟು, ಬದಲಾದಾಗ ಮಾತ್ರ ಕಳಿಸಿ.

ಇದೊಂದನ್ನು ಮಾತ್ರ ಅವಸರದಲ್ಲಿ ಬಿಡಬೇಡಿ: ಕೋರಿಕೆಯಲ್ಲಿ ಟ್ರಿಪ್ ಸಂಖ್ಯೆ 12ರ ಬದಲು 13 ಅಂತ ಬದಲಾಯಿಸಿದ್ರೆ ಬೇರೆ ಮಕ್ಕಳ ಬಸ್ಸು ಕಾಣಬಾರದು. ತಂತ್ರಾಂಶ ಸುರಕ್ಷತೆಯ ಓವಾಸ್ಪ್ ಸಂಸ್ಥೆಯ ಎಪಿಐ (ಆ್ಯಪ್ ಸರ್ವರ್ ಜೊತೆ ಮಾತಾಡೋ ದಾರಿ) ಅಪಾಯಗಳ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲ ಸ್ಥಾನ ಇದಕ್ಕೇ. ಲಾಗಿನ್ ಆದವರೆಲ್ಲ ನಮ್ಮವರೇ ಅಂದ್ಕೊಳ್ಳದೆ, ಪ್ರತಿ ಸಲವೂ ಈ ಪೋಷಕರ ಮಗು ಈ ಟ್ರಿಪ್‌ನಲ್ಲಿದೆಯಾ ಅಂತ ಸರ್ವರ್ ನೋಡಬೇಕು. ಟ್ರಿಪ್ ಮುಗಿದ ಮೇಲೆ ಬಸ್ಸು ಯಾರಿಗೂ ಕಾಣೋದು ಬೇಡ.

[ತೆರೆಯ ಮೇಲೆ: ಸಾಧನದಿಂದ ಸಿಮ್ ಹೊರತೆಗೆಯುವ ಕೈ]

ಬಿಡುಗಡೆಗೆ ಮುಂಚೆ ಮಾಡಬೇಕಾದ ಪರೀಕ್ಷೆ. ಖಾಲಿ ಬಸ್ಸು ಓಡ್ತಿರುವಾಗ ಜೊತೆಯಲ್ಲಿ ಕೂತವರು ಸಿಮ್ ತೆಗೀಲಿ. ನೀವು ಪೋಷಕರ ಆ್ಯಪ್ ತೆರೆದು ಗಡಿಯಾರ ಹಿಡೀರಿ. 30 ಸೆಕೆಂಡಿಗೆ ಚುಕ್ಕೆ ಟೊಳ್ಳಾಗಬೇಕು, 2 ನಿಮಿಷಕ್ಕೆ 'ಸುದ್ದಿ ಬರ್ತಿಲ್ಲ' ಅನ್ನಬೇಕು. 5 ನಿಮಿಷ ಬಿಟ್ಟು ಸಿಮ್ ವಾಪಸ್ ಹಾಕಿ. ಚುಕ್ಕೆ ಒಂದೇ ನೆಗೆತಕ್ಕೆ ಸರಿಯಾದ ಜಾಗಕ್ಕೆ ಬಂದು, ನಡುವಿನ ಸ್ಟಾಪ್‌ಗಳಿಗೆ ಒಂದೂ ಸುಳ್ಳು ಸಂದೇಶ ಹೋಗದಿದ್ರೆ, ಆ್ಯಪ್ ಪೋಷಕರ ಕೈಗೆ ಕೊಡಿ.