ಅಲ್ಲಿ ಸಾವಿರ ಕೋರ್ಸ್ ಇದ್ದರೂ ಎಕ್ಸ್‌ಚೇಂಜ್ ವಿದ್ಯಾರ್ಥಿಗೆ ಸಿಗೋದು ಯಾಕೆ ಇಷ್ಟೇ ಇಷ್ಟು?

ಎಲ್ಲರಿಗೂ ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಹೋಗ್ತಾ ಇದ್ದೀನಿ. ಆ ಯೂನಿವರ್ಸಿಟಿ ವೆಬ್‌ಸೈಟ್ ತೆಗೆದರೆ ಕೋರ್ಸ್ ಪಟ್ಟಿ ಮುಗಿಯೋದೇ ಇಲ್ಲ. ನನಗೆ ಕಳಿಸಿರೋ ಪಟ್ಟಿ ಮಾತ್ರ ಎರಡೇ ಪುಟ. ಬಾಕಿದ್ದೆಲ್ಲ ಎಲ್ಲಿ ಹೋಯ್ತು?"

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದರ ಹಿಂದಿನ ಕಥೆಗೆ ಹೋಗೋಣ. ಒಂದು ಕೋರ್ಸ್ ಅಲ್ಲಿ ನಡೆಯುತ್ತಿದೆ ಅನ್ನುವುದು ಒಂದು ಮಾತು. ಅದರಲ್ಲಿ ನಿಮಗೆ ಸೀಟು ಕೊಡುತ್ತಾರೆ ಅನ್ನುವುದು ಇನ್ನೊಂದು ಮಾತು. ಓದಿ ಪಾಸಾದ ಮೇಲೆ ಅದು ನಿಮ್ಮ ಡಿಗ್ರಿಯ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಮೂರನೇ ಮಾತು. ಎಲ್ಲರೂ ಮೊದಲನೆಯದನ್ನೇ ನೋಡಿ ಖುಷಿಪಡುತ್ತಾರೆ. ಕೊನೆಗೆ ಕೈಕೊಡುವುದು ಮೂರನೆಯದು.

ಬೇಸಿಕ್ಸ್ ಬೇಗ ಮುಗಿಸೋಣ. ಹೊರದೇಶದಲ್ಲಿ ಪೂರ್ತಿ ಡಿಗ್ರಿ ಮಾಡುವವರ ವಿಷಯ ಇದಲ್ಲ. ಅವರಿಗೆ ಅಲ್ಲಿನ ಸಿಲಬಸ್ಸೇ ಸಿಲಬಸ್. ನಾವು ಮಾತಾಡುತ್ತಿರುವುದು ಡಿಗ್ರಿ ಒಂದು ಕಡೆ, ಒಂದೋ ಎರಡೋ ಸೆಮಿಸ್ಟರ್ ಇನ್ನೊಂದು ಕಡೆ ಅನ್ನುವವರ ಬಗ್ಗೆ. ಅವರಲ್ಲಿ ಎರಡು ಬಗೆ. ಎರಡು ಯೂನಿವರ್ಸಿಟಿಗಳ ಒಪ್ಪಂದದ ಮೇಲೆ ಹೋಗುವವರು ಎಕ್ಸ್‌ಚೇಂಜ್ ವಿದ್ಯಾರ್ಥಿಗಳು. ಇವರು ಸಾಮಾನ್ಯವಾಗಿ ಫೀಸನ್ನು ತಮ್ಮ ಯೂನಿವರ್ಸಿಟಿಗೇ ಕಟ್ಟುತ್ತಾರೆ. ಒಪ್ಪಂದವಿಲ್ಲದೆ, ಅಲ್ಲಿಗೇ ಫೀಸ್ ಕಟ್ಟಿ ಹೋಗುವವರು ವಿಸಿಟಿಂಗ್ ವಿದ್ಯಾರ್ಥಿಗಳು. ಆಯ್ತು, ಬೇಸಿಕ್ಸ್ ಮುಗೀತು.

[ಸ್ಕ್ರೀನ್ ಮೇಲೆ: ಒಂದು ಕೋರ್ಸ್ ಪುಟ]

ಈಗ ಪಟ್ಟಿ ಹೇಗೆ ಸಣ್ಣದಾಗುತ್ತದೆ ನೋಡಿ. ಮೊದಲ ಕತ್ತರಿ ಒಪ್ಪಂದದಲ್ಲೇ ಇರುತ್ತದೆ. ಎಷ್ಟೋ ಒಪ್ಪಂದಗಳು ಹೆಸರಿಗೆ ಎರಡು ಯೂನಿವರ್ಸಿಟಿಗಳ ನಡುವೆ, ನಿಜವಾಗಿ ಎರಡು ವಿಭಾಗಗಳ ನಡುವೆ. ಇತಿಹಾಸ ವಿಭಾಗದ ಸೀಟಿನಲ್ಲಿ ಹೋದವರಿಗೆ ಇತಿಹಾಸದ ಕೋರ್ಸ್‌ಗಳೇ ಜಾಸ್ತಿ ಸಿಗುತ್ತವೆ. ಪಕ್ಕದ ಕಟ್ಟಡದಲ್ಲಿ ಒಳ್ಳೆಯ ಡೇಟಾ ಸೈನ್ಸ್ ಪಾಠ ನಡೆಯುತ್ತಿದ್ದರೂ ಅದು ನಿಮ್ಮ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಮೆಡಿಕಲ್‌ನ ಕ್ಲಿನಿಕಲ್ ಕೋರ್ಸ್, ಲ್ಯಾಬ್ ಕೋರ್ಸ್, ಡಿಸೈನ್ ಸ್ಟುಡಿಯೋ, ಇವಕ್ಕೆಲ್ಲ ಜಾಗ ಎಣಿಸಿಟ್ಟ ಹಾಗೆ ಇರುತ್ತದೆ. ಅಲ್ಲಿನ ವಿದ್ಯಾರ್ಥಿಗಳಿಗೇ ಸಾಲದು, ಇನ್ನು ಅತಿಥಿಗಳಿಗೆ ಎಲ್ಲಿಂದ? ಎಂಬಿಎ ಥರದ ದುಬಾರಿ ಕೋರ್ಸ್‌ಗಳ ಬಾಗಿಲೂ ಎಷ್ಟೋ ಕಡೆ ಮುಚ್ಚಿರುತ್ತದೆ. ಅಲ್ಲಿ ಪಕ್ಕದಲ್ಲಿ ಕೂತವರು ಕಟ್ಟಿದ ಫೀಸ್ ನೆನೆಸಿಕೊಂಡರೆ ಕಾರಣ ಅರ್ಥವಾಗುತ್ತದೆ.

ಇನ್ನೊಂದು ಕತ್ತರಿ, ಪ್ರಿರಿಕ್ವಿಸಿಟ್. ಈ ಕೋರ್ಸ್‌ಗೆ ಬರುವ ಮೊದಲು ಇನ್ಯಾವುದನ್ನು ಓದಿರಬೇಕು ಅನ್ನುವ ಷರತ್ತು. ಇಲ್ಲಿ ಜನ ಹೆಸರು ನೋಡಿ ಮೋಸ ಹೋಗುತ್ತಾರೆ. 'ಇಂಟ್ರೊಡಕ್ಷನ್' ಅಂತ ಇದೆ, ಸುಲಭ ಇರುತ್ತದೆ ಅಂದುಕೊಳ್ಳುತ್ತಾರೆ. ಮಾಸ್ಟರ್ಸ್ ಮಟ್ಟದಲ್ಲೂ ಇಂಟ್ರೊಡಕ್ಷನ್ ಅನ್ನುವ ಕೋರ್ಸ್ ಇರುತ್ತದೆ ಸ್ವಾಮಿ! ಹೆಸರು ಬಿಡಿ, ಲೆವೆಲ್ ನೋಡಿ. ಅಮೆರಿಕದ ಹಲವು ಯೂನಿವರ್ಸಿಟಿಗಳಲ್ಲಿ 100ರಿಂದ ಶುರುವಾಗುವ ನಂಬರ್ ಮೊದಲ ವರ್ಷದ್ದು, 400ರದ್ದು ಕೊನೆಯ ವರ್ಷದ್ದು. ಇಂಗ್ಲೆಂಡ್‌ನಲ್ಲಿ ಬ್ಯಾಚುಲರ್ ಡಿಗ್ರಿಯ ಮೂರು ವರ್ಷಗಳಿಗೆ ಲೆವೆಲ್ 4, 5, 6 ಅಂತ ಹೆಸರು. 4 ಅಂದರೆ ನಾಲ್ಕನೇ ವರ್ಷ ಅಂದುಕೊಂಡಿರಾ? ಅದು ಮೊದಲನೇ ವರ್ಷ.

ಭಾಷೆಯದೂ ಒಂದು ಕತ್ತರಿ. ಜಪಾನಿನಂಥ ಕಡೆ ಇಂಗ್ಲಿಷಿನಲ್ಲಿ ಓದುವವರಿಗೆ ಬೇರೆ ವಿಭಾಗಗಳೇ ಇವೆ. ವಾಸೆಡಾ ಯೂನಿವರ್ಸಿಟಿ 2004ರಲ್ಲಿ ಮುಖ್ಯವಾಗಿ ಇಂಗ್ಲಿಷಿನಲ್ಲಿ ಪಾಠ ಮಾಡುವ ವಿಭಾಗವನ್ನು ಶುರು ಮಾಡಿತು. ಜಪಾನಿ ಬಾರದವರ ಪಟ್ಟಿ ಬಹುಪಾಲು ಇಂಥ ವಿಭಾಗದ ಗೋಡೆಯೊಳಗೇ ಮುಗಿಯುತ್ತದೆ.

ಸರಿ, ಕತ್ತರಿಗಳಾಯಿತು. ಈಗ ನನಗೆ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಕ್ರೆಡಿಟ್.

ಎಲ್ಲ ಕೋರ್ಸ್ ಪುಟದಲ್ಲೂ ಹೆಸರಿನ ಪಕ್ಕ ಒಂದು ಅಂಕಿ ಇರುತ್ತದೆ, ಡಿಗ್ರಿಯ ಲೆಕ್ಕದಲ್ಲಿ ಆ ಕೋರ್ಸ್ ಎಷ್ಟು ತೂಗುತ್ತದೆ ಅಂತ ಹೇಳುವ ಅಂಕಿ. 3, 5, 7.5, 20. ಈ ಅಂಕಿ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಮೇಷ್ಟ್ರುಗಳ ಪಿಂಚಣಿ.

[ಸ್ಕ್ರೀನ್ ಮೇಲೆ: ಆಂಡ್ರ್ಯೂ ಕಾರ್ನೆಗಿ]

ಇವರು ಆಂಡ್ರ್ಯೂ ಕಾರ್ನೆಗಿ, ಅಮೆರಿಕದ ಉಕ್ಕಿನ ದೊರೆ. 1890ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯ ಟ್ರಸ್ಟಿ ಆದರು. ಅಲ್ಲಿನ ಪ್ರೊಫೆಸರ್‌ಗಳ ಸಂಬಳ ನೋಡಿ ದಂಗಾಗಿ ಹೋದರಂತೆ. ತಮ್ಮ ಆಫೀಸಿನ ಗುಮಾಸ್ತರ ಸಂಬಳಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಇಂಥವರು ರಿಟೈರ್ ಆದ ಮೇಲೆ ಏನು ಮಾಡಬೇಕು? 1905ರಲ್ಲಿ ಕಾರ್ನೆಗಿ ಕಾಲೇಜು ಅಧ್ಯಾಪಕರ ಪಿಂಚಣಿಗೆ ಅಂತ ಒಂದು ಕೋಟಿ ಡಾಲರ್ ತೆಗೆದಿಟ್ಟು, ಒಂದು ಫೌಂಡೇಶನ್ ಮಾಡಿದರು.

ದುಡ್ಡು ಬಂತು. ಈಗ ಅಸಲಿ ತಲೆನೋವು: ಯಾವುದನ್ನು ಕಾಲೇಜು ಅನ್ನಬೇಕು? ಆಗಿನ ಅಮೆರಿಕದಲ್ಲಿ ಯಾರು ಬೇಕಾದರೂ ಕಾಲೇಜು ಅಂತ ಬೋರ್ಡ್ ಹಾಕಬಹುದಿತ್ತು. ಕೆಲವು ನಿಜಕ್ಕೂ ಹೈಸ್ಕೂಲ್ ಮಟ್ಟದವು. ಹಾಗಾಗಿ ಫೌಂಡೇಶನ್ ಷರತ್ತು ಹಾಕಿತು. ಇಂತಿಷ್ಟು ಪೂರ್ಣಾವಧಿ ಪ್ರೊಫೆಸರ್‌ಗಳು ಇರಬೇಕು. ಚರ್ಚ್‌ಗಳ ಹಿಡಿತದಲ್ಲಿರುವ ಕಾಲೇಜಿಗೆ ಪಿಂಚಣಿ ಇಲ್ಲ. ಇದನ್ನು ಕೇಳಿ ಕೆಲವು ಕಾಲೇಜುಗಳು ಚರ್ಚ್ ಜೊತೆಗಿನ ನಂಟನ್ನೇ ಬಿಟ್ಟವು. ಪಿಂಚಣಿ ಅಂದರೆ ಸುಮ್ನೇನಾ?

ಜೊತೆಗೆ ಇನ್ನೊಂದು ಷರತ್ತು. ಕಾಲೇಜಿಗೆ ಸೇರುವ ಹುಡುಗ ಹೈಸ್ಕೂಲಿನಲ್ಲಿ 14 'ಯೂನಿಟ್' ಓದಿ ಬಂದಿರಬೇಕು. ಒಂದು ಯೂನಿಟ್ ಅಂದರೆ ಒಂದು ವಿಷಯವನ್ನು 120 ಗಂಟೆ ಕ್ಲಾಸಿನಲ್ಲಿ ಕೂತು ಓದಿರುವುದು. ಅಷ್ಟೇ. ಏನು ಕಲಿತ, ಎಷ್ಟು ತಲೆಗೆ ಹೋಯ್ತು ಅನ್ನುವ ಮಾತು ಆ ಅಳತೆಯಲ್ಲಿ ಇಲ್ಲ. ಎಷ್ಟು ಹೊತ್ತು ಕೂತ ಅನ್ನುವುದಷ್ಟೇ ಲೆಕ್ಕ. ಪಿಂಚಣಿ ಆಸೆಗೆ ಕಾಲೇಜುಗಳು ಒಪ್ಪಿದವು, ಕಾಲೇಜುಗಳ ಆಸೆಗೆ ಹೈಸ್ಕೂಲುಗಳು ಒಪ್ಪಿದವು.

ಅಲ್ಲಿಗೇ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಕೆಲಸಗಾರನ ಒಂದೊಂದು ನಿಮಿಷವನ್ನೂ ಅಳೆಯುತ್ತಿದ್ದ ಫ್ರೆಡರಿಕ್ ಟೇಲರ್ ಹೆಸರು ಕೇಳಿರುತ್ತೀರಿ. ಅವರ ಬಳಗದ ಮಾರಿಸ್ ಕುಕ್ ಅನ್ನುವ ಮೆಕ್ಯಾನಿಕಲ್ ಎಂಜಿನಿಯರನ್ನು ಇದೇ ಫೌಂಡೇಶನ್ ಯೂನಿವರ್ಸಿಟಿಗಳಿಗೆ ಕಳಿಸಿತು. ಆತ ಭೌತಶಾಸ್ತ್ರ ವಿಭಾಗಗಳನ್ನು ಸುತ್ತಿ 1910ರಲ್ಲಿ ವರದಿ ಕೊಟ್ಟ. ಕಾರ್ಖಾನೆಯ ಉತ್ಪಾದನೆ ಅಳೆದ ಹಾಗೆ ಯೂನಿವರ್ಸಿಟಿಯನ್ನೂ ಅಳೆಯಲು 'ಸ್ಟೂಡೆಂಟ್ ಅವರ್' ಅನ್ನುವ ಅಳತೆ ಬಳಸಬೇಕು ಅಂದ. ಒಬ್ಬ ವಿದ್ಯಾರ್ಥಿ, ಒಂದು ಗಂಟೆ. ಇವತ್ತು ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿರುವ ಕ್ರೆಡಿಟ್ ಇದೇ ಮನೆತನದ್ದು. ಷೇಕ್ಸ್‌ಪಿಯರ್ ಪಾಠವನ್ನೂ ಬೋಲ್ಟ್ ತಯಾರಿಕೆಯನ್ನೂ ಒಂದೇ ಗಡಿಯಾರ ಹಿಡಿದು ಅಳೆಯಬಹುದು ಅಂತ ಹೊಳೆದ ತಲೆಗೆ ದೊಡ್ಡ ನಮಸ್ಕಾರ. ಭಕ್ತಿಯ ನಮಸ್ಕಾರ ಅಲ್ಲ.

ಆದರೆ ಬೈಯುವ ಮೊದಲು ಇನ್ನೊಂದು ಮುಖವನ್ನೂ ನೋಡಿ. ಓದನ್ನು ತುಂಡು ಮಾಡಿ ಎಣಿಸಲು ಬಂದಿದ್ದರಿಂದಲೇ ಒಂದು ತುಂಡನ್ನು ಬೇರೆ ಕಡೆ ಓದಿ ತರುವುದು ಸುಲಭವಾಯಿತು. 1923ರಲ್ಲಿ ಡೆಲವೇರ್ ಯೂನಿವರ್ಸಿಟಿಯ ಎಂಟು ವಿದ್ಯಾರ್ಥಿಗಳು ಫ್ರಾನ್ಸಿಗೆ ಹಡಗು ಹತ್ತಿದರು. ಡಿಗ್ರಿಯ ಮೂರನೇ ವರ್ಷವನ್ನು ಅಲ್ಲಿ ಓದಿ, ಅದನ್ನು ಡೆಲವೇರ್‌ನ ಲೆಕ್ಕಕ್ಕೇ ಸೇರಿಸಿಕೊಳ್ಳುವ ಏರ್ಪಾಡು ಅದು. ರೇಮಂಡ್ ಕರ್ಕ್‌ಬ್ರೈಡ್ ಅನ್ನುವ ಪ್ರೊಫೆಸರ್ ಹಟ ಹಿಡಿದು ಮಾಡಿಸಿದ್ದು.

ಲೆಕ್ಕಕ್ಕೆ ಸೇರಿಸಿಕೊಳ್ಳದಿದ್ದರೆ ಏನಾಗುತ್ತದೆ? ಸೋಫಿಯಾ ಕೊರಾಡಿ ಅನ್ನುವ ಇಟಲಿಯ ಕಾನೂನು ವಿದ್ಯಾರ್ಥಿನಿ 1957ರಲ್ಲಿ ಸ್ಕಾಲರ್‌ಶಿಪ್ ಪಡೆದು ನ್ಯೂಯಾರ್ಕಿನ ಕೊಲಂಬಿಯಾಗೆ ಹೋದರು. ಒಂದು ವರ್ಷ ಓದಿ ಮಾಸ್ಟರ್ಸ್ ಮಾಡಿ ಬಂದರು. ರೋಮ್‌ನ ಸಪಿಯೆಂಜಾ ಯೂನಿವರ್ಸಿಟಿಯಲ್ಲಿ ಇದನ್ನು ನನ್ನ ಡಿಗ್ರಿಗೆ ಸೇರಿಸಿಕೊಳ್ಳಿ ಅಂತ ಕೇಳಿದರೆ ಒಪ್ಪಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ! ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಇವರು ಬಿಡಲಿಲ್ಲ. 1969ರಲ್ಲಿ ಪ್ರಸ್ತಾವ ಬರೆದರು, ವರ್ಷಗಟ್ಟಲೆ ಬೆನ್ನು ಬಿದ್ದರು. ಕೊನೆಗೆ 1987ರಲ್ಲಿ ವಿದ್ಯಾರ್ಥಿಗಳು ಯೂರೋಪಿನ ಬೇರೆ ದೇಶಕ್ಕೆ ಹೋಗಿ ಕೆಲಕಾಲ ಓದಿ ಬರುವ ಎರಾಸ್ಮಸ್ ಯೋಜನೆ ಶುರುವಾಯಿತು. ಮೊದಲ ವರ್ಷ 11 ದೇಶಗಳಿಂದ 3,244 ವಿದ್ಯಾರ್ಥಿಗಳು. ಕೊರಾಡಿಯವರನ್ನು ಅಲ್ಲಿನವರು 'ಮಮ್ಮಾ ಎರಾಸ್ಮಸ್' ಅಂತಲೇ ಕರೆದರು.

[ಸ್ಕ್ರೀನ್ ಮೇಲೆ: ಕ್ರೆಡಿಟ್ ಲೆಕ್ಕದ ಚಾರ್ಟ್]

ಸಮಸ್ಯೆ ಅಂದರೆ, ಒಂದೊಂದು ಊರಿನ ಸೇರು ಒಂದೊಂದು ಗಾತ್ರ ಅನ್ನುವ ಹಾಗೆ ಇದೆ ಈ ಕ್ರೆಡಿಟ್. ಯೂರೋಪಿನ ದೇಶಗಳು ಬಳಸುವ ಇಸಿಟಿಎಸ್ ಅನ್ನುವ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ, ವರ್ಷಕ್ಕೆ 60 ಕ್ರೆಡಿಟ್. ಇಂಗ್ಲೆಂಡ್‌ನಲ್ಲಿ ಒಂದು ಕ್ರೆಡಿಟ್‌ಗೆ 10 ಗಂಟೆ, ವರ್ಷಕ್ಕೆ 120. ಅಮೆರಿಕದಲ್ಲಿ ವಾರಕ್ಕೆ ಒಂದು ಗಂಟೆ ಕ್ಲಾಸು, ಅದಕ್ಕೆ ಎರಡು ಗಂಟೆ ಸ್ವಂತ ಓದು, ಹೀಗೆ ಸುಮಾರು 15 ವಾರ. ಅಂದರೆ 45 ಗಂಟೆ. ವರ್ಷಕ್ಕೆ 30 ಕ್ರೆಡಿಟ್. ಜಪಾನಿನಲ್ಲೂ ಒಂದು ಕ್ರೆಡಿಟ್‌ಗೆ 45 ಗಂಟೆ.

ಈಗ ಒಂದು ಲೆಕ್ಕ ಮಾಡೋಣ. ಅಮೆರಿಕದ 3 ಕ್ರೆಡಿಟ್ ಕೋರ್ಸ್ ಯೂರೋಪಿನ ಎಷ್ಟಕ್ಕೆ ಸಮ? ವರ್ಷದ ಲೆಕ್ಕದಲ್ಲಿ 30ಕ್ಕೆ 60, ಹಾಗಾಗಿ 3ಕ್ಕೆ 6. ಗಂಟೆಯ ಲೆಕ್ಕದಲ್ಲಿ 135 ಗಂಟೆಯನ್ನು 25ರಿಂದ ಭಾಗಿಸಿದರೆ 5.4, 30ರಿಂದ ಭಾಗಿಸಿದರೆ 4.5. ಕೋರ್ಸ್ ಅದೇ, ಉತ್ತರ ಮೂರು! ಯಾವುದು ಸರಿ? ನಿಮ್ಮ ಯೂನಿವರ್ಸಿಟಿ ಯಾವುದನ್ನು ಒಪ್ಪುತ್ತದೋ ಅದು.

ಇದು ಬರೀ ಕಾಗದದ ಮೇಲಿನ ತಮಾಷೆ ಅಲ್ಲ. ನಿಮ್ಮ ಡಿಗ್ರಿಯಲ್ಲಿ 3 ಕ್ರೆಡಿಟ್‌ನ ಜಾಗ ಖಾಲಿ ಇದೆ ಅನ್ನಿ. ಅಲ್ಲಿ ಸಿಕ್ಕ ಕೋರ್ಸ್ 5 ಇಸಿಟಿಎಸ್. ಎರಡಕ್ಕೆ ಒಂದು ಅನ್ನುವ ಲೆಕ್ಕದಲ್ಲಿ 2.5 ಆಗುತ್ತದೆ. ಪಾಠ ಅದೇ, ಪುಸ್ತಕ ಅದೇ, ಪರೀಕ್ಷೆ ಪಾಸ್. ಆದರೆ ಅರ್ಧ ಕ್ರೆಡಿಟ್ ಕಡಿಮೆ. ಆ ಅರ್ಧಕ್ಕೆ ಒಂದು ಪೂರ್ತಿ ಕೋರ್ಸ್ ಮತ್ತೆ ಓದಬೇಕಾಗಬಹುದು. ಸ್ವೀಡನ್‌ನಲ್ಲಿ 7.5 ಕ್ರೆಡಿಟ್ ಕೋರ್ಸ್‌ಗಳು ಸಾಮಾನ್ಯ. ಎಷ್ಟೋ ಕಡೆ ಐದು ವಾರ ಅದೊಂದನ್ನೇ ಓದಿ, ಪರೀಕ್ಷೆ ಬರೆದು, ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ. ನನಗಂತೂ ಈ ಪದ್ಧತಿ ತುಂಬಾ ಇಷ್ಟ. ಆದರೆ ಅದನ್ನು ಅಮೆರಿಕದ ಲೆಕ್ಕಕ್ಕೆ ಇಳಿಸಿದರೆ 3.75. ಈ ಮುಕ್ಕಾಲನ್ನು ಎಲ್ಲಿ ಇಡುತ್ತೀರಿ?

ಹಾಗಾಗಿ ಕೋರ್ಸ್ ಹುಡುಕುವಾಗ ಉಲ್ಟಾ ಬನ್ನಿ. ಅಲ್ಲಿನ ಪಟ್ಟಿಯಿಂದ ಶುರು ಮಾಡಬೇಡಿ. ನಿಮ್ಮ ಡಿಗ್ರಿಯಲ್ಲಿ ಏನು ಬಾಕಿ ಇದೆ ಅಂತ ಮೊದಲು ಬರೆದುಕೊಳ್ಳಿ. ಕಡ್ಡಾಯ ಕೋರ್ಸ್‌ಗಳಿಗೆ ಸಮ ಹುಡುಕುವುದು ಕಷ್ಟ, ಎಲೆಕ್ಟಿವ್‌ಗಳಿಗೆ ಸುಲಭ. ಎಲೆಕ್ಟಿವ್ ಜಾಗಗಳನ್ನು ಆ ಸೆಮಿಸ್ಟರಿಗೆ ಉಳಿಸಿಟ್ಟವರು ಅಲ್ಲಿ ಹೋಗಿ ಆರಾಮಾಗಿ ಇರುತ್ತಾರೆ. ಎಂಜಿನಿಯರಿಂಗ್‌ನವರಿಗೆ ಇಂಥ ಜಾಗ ಕಡಿಮೆ, ಅವರು ಇನ್ನೂ ಬೇಗ ಶುರು ಮಾಡಬೇಕು. ಬೇಕಾದ ಸಂಖ್ಯೆಗಿಂತ ಎರಡು ಪಟ್ಟು ಕೋರ್ಸ್‌ಗಳಿಗೆ ಮೊದಲೇ ಒಪ್ಪಿಗೆ ಪಡೆಯಿರಿ. ಯಾಕೆ ಅಂದರೆ ಅಲ್ಲಿಗೆ ಹೋದ ಮೇಲೆ ಒಂದು ಕೋರ್ಸ್ ಆ ವರ್ಷ ನಡೆಯುತ್ತಿರುವುದಿಲ್ಲ, ಇನ್ನೆರಡು ಒಂದೇ ಸಮಯಕ್ಕೆ ಇರುತ್ತವೆ. ಇದು ಅಪರೂಪ ಅಲ್ಲ, ಮಾಮೂಲಿ.

ಅಯ್ಯೋ, ಕಾರ್ನೆಗಿ ನನ್ನ ಅರ್ಧ ಟೈಮ್ ತಿಂದುಬಿಟ್ಟ. ಉಳಿದಿದ್ದನ್ನು ಒಂದೇ ಉಸಿರಿಗೆ ಹೇಳುತ್ತೇನೆ.

ಕ್ಯಾಲೆಂಡರ್ ನೋಡಿ. ಜಪಾನಿನ ವರ್ಷ ಏಪ್ರಿಲ್‌ನಲ್ಲಿ ಶುರು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಪಾಠ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನಡೆಯುತ್ತದೆ. ನಿಮ್ಮ ಮುಂದಿನ ಸೆಮಿಸ್ಟರ್ ಜನವರಿಯಲ್ಲಿ ಇದ್ದರೆ ಪರೀಕ್ಷೆ ಬಿಟ್ಟು ಬರಬೇಕಾಗುತ್ತದೆ. ಇಂಗ್ಲೆಂಡ್‌ನಲ್ಲಿ ಕೆಲವು ಕೋರ್ಸ್ ಪೂರ್ತಿ ವರ್ಷದ್ದು. ಒಂದೇ ಸೆಮಿಸ್ಟರ್ ಇರುವವರಿಗೆ ಬೇರೆ ಥರದ ಪರೀಕ್ಷೆ ಇದೆಯಾ ಅಂತ ಮೊದಲೇ ಕೇಳಿ. ವೀಸಾಗೂ ಕೋರ್ಸ್‌ಗೂ ನಂಟಿದೆ. ಅಮೆರಿಕದಲ್ಲಿ ಎಫ್-1 ವೀಸಾದ ಬ್ಯಾಚುಲರ್ ವಿದ್ಯಾರ್ಥಿ ಸೆಮಿಸ್ಟರಿಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಓದಬೇಕು, ಅದರಲ್ಲಿ ಪೂರ್ತಿ ಆನ್‌ಲೈನ್ ಕೋರ್ಸ್ ಒಂದಕ್ಕಿಂತ ಜಾಸ್ತಿ ಲೆಕ್ಕಕ್ಕಿಲ್ಲ. ಕಷ್ಟವಾಯ್ತು ಅಂತ ಒಂದು ಕೋರ್ಸ್ ಬಿಡುವ ಮೊದಲು ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಕೇಳಿ.

ಗ್ರೇಡ್ ಬಗ್ಗೆ ಮಾತಾಡಿದರೆ ಇನ್ನೊಂದು ವಿಡಿಯೋ ಆಗುತ್ತದೆ. ಜರ್ಮನಿಯಲ್ಲಿ 1 ಬಂದರೆ ಹಬ್ಬ, 5 ಬಂದರೆ ಫೇಲ್. ಇಟಲಿಯಲ್ಲಿ 30ಕ್ಕೆ 18 ಪಾಸ್. ಡೆನ್ಮಾರ್ಕ್‌ನಲ್ಲಿ ಅತಿ ಕಡಿಮೆ ಗ್ರೇಡ್ ಮೈನಸ್ 3. ಹೌದು, ಸೊನ್ನೆಗಿಂತ ಕೆಳಗೆ! ಎಷ್ಟೋ ಯೂನಿವರ್ಸಿಟಿಗಳು ಈ ರಗಳೆಯೇ ಬೇಡ ಅಂತ ಬರೀ ಪಾಸ್, ಫೇಲ್ ಅಂತ ಬರೆದುಕೊಳ್ಳುತ್ತವೆ. ನಿಮ್ಮದು ಹಾಗಾ, ಅಥವಾ ಗ್ರೇಡ್ ನಿಮ್ಮ ಸರಾಸರಿಗೂ ಸೇರುತ್ತದಾ, ಹೊರಡುವ ಮೊದಲು ತಿಳಿದುಕೊಳ್ಳಿ.

ಕೊನೆಯದು. ಎರಾಸ್ಮಸ್‌ನಲ್ಲಿ 'ಲರ್ನಿಂಗ್ ಅಗ್ರಿಮೆಂಟ್' ಅಂತ ಒಂದು ಕಾಗದ ಇರುತ್ತದೆ. ನೀವು, ಕಳಿಸುವ ಯೂನಿವರ್ಸಿಟಿ, ಕರೆಸಿಕೊಳ್ಳುವ ಯೂನಿವರ್ಸಿಟಿ, ಮೂರೂ ಕಡೆಯ ಸಹಿ. ನಿಮ್ಮ ಯೋಜನೆಯಲ್ಲಿ ಅಂಥದ್ದು ಇಲ್ಲದಿದ್ದರೂ ಅದೇ ಥರ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಅಲ್ಲಿ ಹೋಗಿ ಕೋರ್ಸ್ ಬದಲಾಯಿಸಿದರೆ ಅದೇ ವಾರ ಮೇಲ್ ಹಾಕಿ, ಉತ್ತರ ಬರುವವರೆಗೆ ಬಿಡಬೇಡಿ. "ಆಗ್ಲಿ, ನೋಡೋಣ" ಅಂತ ಬಾಯಲ್ಲಿ ಹೇಳಿದವರು ನೀವು ವಾಪಸ್ ಬರುವಷ್ಟರಲ್ಲಿ ಬೇರೆ ವಿಭಾಗಕ್ಕೆ ಹೋಗಿರಬಹುದು. ಪ್ರತಿ ಕೋರ್ಸ್‌ನ ಸಿಲಬಸ್ ಪಿಡಿಎಫ್, ಓದಬೇಕಿದ್ದ ಪುಸ್ತಕಗಳ ಪಟ್ಟಿ, ಪರೀಕ್ಷೆ ಹೇಗಿತ್ತು ಅನ್ನುವ ವಿವರ, ಎಲ್ಲವನ್ನೂ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಅಲ್ಲಿನ ಲಾಗಿನ್ ಬಂದ್ ಆದ ಮೇಲೆ ಆ ಪುಟ ತೆರೆಯುವುದಿಲ್ಲ, ಮತ್ತೆ ಇಲ್ಲಿ ಕೇಳುವುದು ಅದನ್ನೇ.